ವಿನ್ಯಾಸದ ಅರಿವಿಲ್ಲದ ಮಾಲೀಕರನ್ನು ಒಪ್ಪಿಸುವುದು ಹೇಗೆ?

ಹಾಸನದ ಬೇಕರಿಯೊಂದಕ್ಕೆ ಸಿಹಿತಿಂಡಿ ಡಬ್ಬಿಯ ವಿನ್ಯಾಸ ಮಾಡುತ್ತಿರುವ ನೀವು, 'ಹೆಸರು ದೊಡ್ಡದು ಮಾಡಿ, ಕೆಂಪು ಹಾಕಿ' ಎಂಬ ಮಾಲೀಕರ ಮಾತಿಗೆ ಬೇಸತ್ತು, ಇಂಥವರನ್ನು ಒಪ್ಪಿಸುವ ದಾರಿ ಯಾವುದು, ಬೆಂಗಳೂರಿಗೆ ಹೋಗಿಬಿಡಲೇ ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲಿ ಕೆಲಸ ಆರಂಭಿಸಿದ ಹೊಸದರಲ್ಲಿ ನಾನೂ ಇದೇ ಸಿಟ್ಟಿನಲ್ಲಿದ್ದೆ.

ಆಗ ಹಳೆಯ ಕಾಫಿಪುಡಿ ಅಂಗಡಿಯೊಂದರ ಪೊಟ್ಟಣವನ್ನು ಹೊಸದಾಗಿ ರೂಪಿಸುವ ಕೆಲಸ ನನಗೆ ಸಿಕ್ಕಿತು. ಅಲ್ಲಿ ಚಿಕೋರಿ ಬೆರೆಸದ ಪುಡಿ, 80 ಪಾಲು ಕಾಫಿಗೆ 20 ಪಾಲು ಚಿಕೋರಿ ಬೆರೆಸಿದ 80:20ರ ಪುಡಿ ಮತ್ತು ಅದೇ ಲೆಕ್ಕದ 60:40ರ ಪುಡಿ ಮಾರುತ್ತಿದ್ದರು. ಬಿಳಿ ಪೊಟ್ಟಣದ ಮೇಲೆ ಅಡ್ಡಲಾಗಿ ಒಂದಕ್ಕೆ ಹಸಿರು, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಪಟ್ಟಿ ಇತ್ತು. ನಾನು ಆ ಪಟ್ಟಿಗಳನ್ನು ತೆಗೆದು, ಮೂರನ್ನೂ ಹೊಳಪಿಲ್ಲದ ಕಪ್ಪು ಪೌಚಿಗೆ ತಂದು, ಮುಳ್ಳಯ್ಯನಗಿರಿಯ ಸಾಲನ್ನು ಚಿನ್ನದ ಬಣ್ಣದ ಗೆರೆಯಲ್ಲಿ ಬಿಡಿಸಿದೆ. ಯಜಮಾನರು ಕನ್ನಡಕ ಏರಿಸಿಕೊಂಡು ನೋಡಿ, "ಚೆನ್ನಾಗಿದೆ ಕಣಪ್ಪ, ಆದರೆ ಪಟ್ಟಿ ತೆಗೀಬೇಡ, ಬೇಕಾದರೆ ಇನ್ನೂ ಸ್ವಲ್ಪ ದಪ್ಪ ಮಾಡು" ಎಂದರು.

ನಾನು ತಪ್ಪಿದ್ದು ಇಲ್ಲಿಯೇ, ಮತ್ತು ಅದು ಯಾವ ತಪ್ಪು ಎಂಬುದನ್ನು ಬಿಡಿಸಿ ಹೇಳಬೇಕು. ಅವರ ಮಾತನ್ನು ಒಪ್ಪದಿದ್ದುದು ತಪ್ಪಲ್ಲ; ಕೆಲಸ ಕೊಟ್ಟವರು ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಆ ಮಾತನ್ನು ಅವರ ಅಭಿರುಚಿ ಎಂದು ಎಣಿಸಿ, ಪಟ್ಟಿ ಏಕೆ ಬೇಕೆಂದು ಒಮ್ಮೆಯೂ ಕೇಳದೆ ಹೋದೆ. ಕೇಳಿದ್ದರೆ ಅವರು ಎರಡೇ ಮಾತಿನಲ್ಲಿ ಹೇಳುತ್ತಿದ್ದರು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಬೆಂಗಳೂರಿನಲ್ಲಿ ಓದಿ ಬಂದಿದ್ದ ಅವರ ಮಗ ನನ್ನ ವಿನ್ಯಾಸವನ್ನು ಮೆಚ್ಚಿದ್ದನ್ನು ಕಂಡು, ಮುಂದಿನ ಮಾತುಕತೆಯನ್ನೆಲ್ಲ ಆತನೊಡನೆ ನಡೆಸಿ, ಆತನ ಮೂಲಕವೇ ತಂದೆಯನ್ನು ಸುಮ್ಮನಾಗಿಸಿದೆ. ಅಪ್ಪ ಮಗನ ನಡುವೆ ಅಂಗಡಿಯನ್ನು ಯಾರು ನಡೆಸಬೇಕೆಂಬ ತಕರಾರು ಮೊದಲೇ ಇತ್ತು. ಪೊಟ್ಟಣವೂ ಅದರ ಒಂದು ಭಾಗವಾಯಿತು. ಕೊನೆಗೆ ಯಜಮಾನರು "ನಿಮ್ಮಿಷ್ಟ" ಎಂದದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಪೌಚುಗಳು ಬಂದದ್ದು ಅರೇಬಿಕಾ ಕೊಯ್ಲಿನ ಕಾಲದಲ್ಲಿ. ಆ ತಿಂಗಳುಗಳಲ್ಲಿ ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರೂ ಸಂತೆಯ ದಿನ ಪೇಟೆಗೆ ಇಳಿಯುತ್ತಾರೆ. ಅವರಲ್ಲಿ ಅನೇಕರಿಗೆ ಕನ್ನಡ ಓದಲು ಬಾರದು, ಕೆಲವರಿಗೆ ಯಾವ ಅಕ್ಷರವೂ ಬಾರದು. ಅವರು ಕೇಳುತ್ತಿದ್ದುದು 'ಕೆಂಪು ಪಟ್ಟಿ'ಯನ್ನು. ಅದು ಕಾಣದಿದ್ದಾಗ ಪುಡಿಯೇ ಬದಲಾಗಿದೆ ಎಂದುಕೊಂಡು ಪಕ್ಕದ ಅಂಗಡಿಗೆ ನಡೆದರು. ಗಲ್ಲೆಯ ಹಿಂದೆ ನಿಂತವರಿಗೂ ಕಷ್ಟವಾಯಿತು: ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪಿನ ಮೇಲಿನ ಚಿನ್ನದ ಬಣ್ಣದ ತೆಳು 80 ಮತ್ತು 60 ಒಂದೇ ರೀತಿ ಕಾಣುತ್ತಿದ್ದವು, 80:20 ಕೇಳಿದ ಹೋಟೆಲಿಗೆ 60:40 ಹೋಯಿತು. ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಹೇಳಬೇಕು ಎಂಬ ನಿಯಮವನ್ನು ನಾನು ಪಾಲಿಸಿದ್ದೆ. ನಿಯಮ ಪಾಲಿಸಿದ ಆ ಸಾಲನ್ನು ಅಂಗಡಿಗೆ ಬರುವವರು ಓದುತ್ತಾರೆಯೇ ಎಂದು ನೋಡಿರಲಿಲ್ಲ.

ಇಂಥ ಪೌಚುಗಳನ್ನು ಗ್ರಾವ್ಯೂರ್ ಪದ್ಧತಿಯಲ್ಲಿ ಮುದ್ರಿಸುತ್ತಾರೆ. ಒಂದೊಂದು ಬಣ್ಣಕ್ಕೂ ತಾಮ್ರದ ಲೇಪವಿರುವ ಒಂದೊಂದು ಸಿಲಿಂಡರನ್ನು ಕೆತ್ತಿಸಬೇಕು, ಕೆತ್ತಿಸಿದ ಮೇಲೆ ತಿದ್ದುಪಡಿ ಎಂದರೆ ಹೊಸ ಸಿಲಿಂಡರ್ ಎಂದೇ ಅರ್ಥ. ಆ ಖರ್ಚನ್ನು ನಾನು ಹೊತ್ತೆ, ನನ್ನ ಸಂಭಾವನೆಯನ್ನೂ ಬಿಟ್ಟೆ. ಯಜಮಾನರು ಒಂದು ಕಟು ಮಾತನ್ನೂ ಆಡಲಿಲ್ಲ, ಆದರೆ ಮತ್ತೆ ನನಗೆ ಕೆಲಸ ಕೊಡಲಿಲ್ಲ. ಅವರ ಪರಿಚಯದ ಅಂಗಡಿಗಳವರೂ ಕೊಡಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಮಾಲೀಕರಿಗೆ ವಿನ್ಯಾಸ ತಿಳಿಯದಿರಬಹುದು, ಆದರೆ ತಮ್ಮ ಗಿರಾಕಿ ಬಾಗಿಲಲ್ಲಿ ನಿಂತು ಏನು ಕೇಳುತ್ತಾನೆಂಬುದು ಅವರಿಗೆ ತಿಳಿದಷ್ಟು ನಿಮಗೆ ತಿಳಿಯದು. ಆ ತಿಳಿವಳಿಕೆಯನ್ನು ಹೇಳಲು ಅವರಿಗೆ ಬೇರೆ ಭಾಷೆ ಇಲ್ಲದ್ದರಿಂದ 'ದೊಡ್ಡದು ಮಾಡಿ, ಕೆಂಪು ಹಾಕಿ' ಎನ್ನುತ್ತಾರೆ. 'ನಿಮಗೆ ಇಷ್ಟವಾಯಿತೇ' ಎಂದು ಅವರನ್ನು ಎಂದಿಗೂ ಕೇಳಬೇಡಿ. 'ಈಗಿನ ಡಬ್ಬಿಯಿಂದ ಯಾವಾಗ ತೊಂದರೆಯಾಯಿತು, ಯಾರು ಬಂದು ಏನೆಂದರು' ಎಂದು ಕೇಳಿ. ಕಾರಣ ತಿಳಿದ ಮೇಲೆ ಪರಿಹಾರವನ್ನು ಹುಡುಕುವ ಅಧಿಕಾರ ನಿಮ್ಮದು; ಆಗ ಕೆಂಪು ಬೇಡವೆಂದು ಹೇಳಿದರೂ ಅವರು ಕೇಳುತ್ತಾರೆ. ಮನೆಯವರಲ್ಲಿ ಒಬ್ಬರನ್ನು ನಿಮ್ಮ ಪಕ್ಷಕ್ಕೆ ಎಳೆದುಕೊಳ್ಳುವ ಆಸೆ ಬಂದರೆ ತಡೆದುಕೊಳ್ಳಿ. ಬೆಂಗಳೂರಿಗೆ ಹೋಗುವುದಾದರೆ ಹೋಗಿ, ಆದರೆ ಅಲ್ಲಿಯೂ ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಮಾಲೀಕರೇ ಇರುತ್ತಾರೆ.

ಫೋನಿನ ಪರದೆಯಲ್ಲಿ ವಿನ್ಯಾಸ ತೋರಿಸುವುದನ್ನು ನಾನು ಆಮೇಲೆ ಪೂರ್ತಿ ನಿಲ್ಲಿಸಿದೆ. ನಿಜವಾದ ಅಳತೆಯಲ್ಲಿ ಮುದ್ರಿಸಿ, ಡಬ್ಬಿಯಾಗಿ ಮಡಚಿ, ಅಂಗಡಿಯ ಕಪಾಟಿನಲ್ಲಿಯೇ ಇಡುತ್ತೇನೆ. ಅಲ್ಲಿ ಕೆಲಸ ಮಾಡುವವರಿಂದ ಅಕ್ಷರಗಳನ್ನು ಗಟ್ಟಿಯಾಗಿ ಓದಿಸುತ್ತೇನೆ. ಸಾಫ್ಟ್‌ವೇರ್ ಒತ್ತಕ್ಷರಗಳನ್ನು ಬಿಡಿಸಿ ಕೆಡಿಸಿದ್ದನ್ನು ಅವರು ನನಗಿಂತ ಬೇಗ ಹಿಡಿಯುತ್ತಾರೆ.

ನಿಮ್ಮ ಡಬ್ಬಿ ತೆಳು ಲೋಹದ ಪ್ಲೇಟ್ ಬಳಸುವ ಆಫ್‌ಸೆಟ್ ಪದ್ಧತಿಯಲ್ಲಿ ಮುದ್ರಣವಾಗುವುದಾದರೆ ಪ್ಲೇಟ್ ಬದಲಿಸುವ ಖರ್ಚು ಸಿಲಿಂಡರಿಗಿಂತ ಬಹಳ ಕಡಿಮೆ. ದೀಪಾವಳಿಯ ಸುಮಾರಿಗೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಊರಿಗೆ ಹೊರಗಿನವರು ಬಂದು ತುಂಬುತ್ತಾರೆ. ಅದಕ್ಕೆ ಮೊದಲೇ ಸ್ವಲ್ಪ ಡಬ್ಬಿಗಳನ್ನು ಮಾತ್ರ ಮುದ್ರಿಸಿ, ಒಂದು ಸಂಜೆ ಬೇಕರಿಯ ಗಲ್ಲೆಯ ಹಿಂದೆ ಮಾಲೀಕರ ಪಕ್ಕದಲ್ಲಿ ನಿಂತು, ದಿನವೂ ಬರುವವರು ಅದನ್ನು ಗುರುತಿಸುತ್ತಾರೆಯೇ ನೋಡಿ. ದೊಡ್ಡ ಆರ್ಡರನ್ನು ಆ ಸಂಜೆಯ ನಂತರ ಕೊಡಿ.