ಪಕ್ಷಿನೋಟ ಬಿಡಿ, ಗೂಬೆಯನ್ನು ಹಿಡಿಯಿರಿ

ನಮಸ್ಕಾರ.

ನೀವು ಕಳಿಸಿದ ‘ಪ್ರಾಚೀನ ಗ್ರೀಕ್ ನಾಣ್ಯಗಳು: ಒಂದು ಪಕ್ಷಿನೋಟ’ ಲೇಖನ ಓದಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬೇರೆ ಥರ ಬರೆದು ಕಳಿಸಿದರೆ ಖಂಡಿತ ಹಾಕುತ್ತೇವೆ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ನೀವೇ ಅದರ ಮೇಲೆ ಊರೂರಿನ ಮೂಟೆ ಹೇರಿ ಮುಚ್ಚಿಬಿಟ್ಟಿದ್ದೀರಿ.

‘ಮಾನವ ನಾಗರಿಕತೆಯ ಉದಯಕಾಲದಿಂದಲೂ’ ಅಂತ ಶುರು ಮಾಡಿದ್ದೀರಿ. ಆಮೇಲೆ ಲಿಡಿಯಾ, ಏಜಿನಾ, ಕೊರಿಂಥ್, ಅಥೆನ್ಸ್, ಸಿರಾಕ್ಯೂಸ್, ರೋಡ್ಸ್, ಮ್ಯಾಸಿಡೋನಿಯಾ, ಬ್ಯಾಕ್ಟ್ರಿಯಾ. ಒಂದೊಂದಕ್ಕೂ ಒಂದೊಂದು ಪ್ಯಾರಾ. ಪ್ರತಿ ಪ್ಯಾರಾದಲ್ಲೂ ‘ಮುಂಭಾಗದಲ್ಲಿ ಇಂಥ ದೇವತೆ, ಹಿಂಭಾಗದಲ್ಲಿ ಇಂಥ ಪ್ರಾಣಿ, ತೂಕ ಇಷ್ಟು ಗ್ರಾಂ’. ಕೊನೆಗೊಂದು ‘ಅದ್ಭುತ ಕಲಾಕೌಶಲ’. ಏಜಿನಾದ ಆಮೆ, ಕೊರಿಂಥಿನ ರೆಕ್ಕೆಯ ಕುದುರೆ, ರೋಡ್ಸಿನ ಗುಲಾಬಿ ಮೂರಕ್ಕೂ ಅದೇ ಹೊಗಳಿಕೆ ಸಿಕ್ಕರೆ ಓದಿದವರಿಗೆ ಯಾವುದೂ ನೆನಪಿರುವುದಿಲ್ಲ, ಅಲ್ವಾ?

ಇಷ್ಟರ ನಡುವೆ ಏಳನೇ ಪುಟದಲ್ಲಿ ಒಂದು ವಾಕ್ಯ ಬರುತ್ತದೆ: ‘ಕಲೆಯ ದೃಷ್ಟಿಯಿಂದ ಅಥೆನ್ಸಿನ ನಾಣ್ಯಗಳು ಸಿರಾಕ್ಯೂಸ್ ನಾಣ್ಯಗಳಿಗಿಂತ ಹಿಂದುಳಿದಿದ್ದವು.’ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಮುಂದೆ ಹೋಗಲು ಆಗಲಿಲ್ಲ. ಯಾಕೆ ಹಿಂದುಳಿದಿದ್ದವು? ಕ್ರಿ.ಪೂ. 447ರಲ್ಲಿ ಅಥೀನಾ ದೇವಿಯ ದೊಡ್ಡ ಗುಡಿ ಪಾರ್ಥೆನಾನ್ ಕಟ್ಟಲು ಕೈಹಾಕಿದ ಊರು ಅದು. ಫಿಡಿಯಾಸ್‌ನಂಥ ಶಿಲ್ಪಿ ಅಲ್ಲೇ ಓಡಾಡಿಕೊಂಡಿದ್ದ. ಅಂಥ ಊರಿಗೆ ನಾಣ್ಯದ ಅಚ್ಚು ಕೆತ್ತುವ ಒಬ್ಬ ಒಳ್ಳೆಯ ಕೆಲಸಗಾರ ಸಿಗಲಿಲ್ಲವೇ? ನಿಮ್ಮ ಲೇಖನ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ.

ಆ ನಾಣ್ಯವನ್ನು ಸ್ವಲ್ಪ ಹೊತ್ತು ನೋಡೋಣ. ನಾಲ್ಕು ಡ್ರಾಕ್ಮಾದ ಬೆಳ್ಳಿ ನಾಣ್ಯ. ತೂಕ ಸುಮಾರು 17.2 ಗ್ರಾಂ. ಒಂದು ಕಡೆ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ. ಮುಖ ಪಕ್ಕಕ್ಕೆ ತಿರುಗಿದೆ. ಆದರೆ ಕಣ್ಣು ಮಾತ್ರ ಎದುರಿನಿಂದ ಕಾಣುವ ಹಾಗೆ, ಬಾದಾಮಿ ಆಕಾರದಲ್ಲಿ ಪೂರ್ತಿ ತೆರೆದುಕೊಂಡಿದೆ. ತುಟಿಯಲ್ಲಿ ಹಳೇ ಕಾಲದ ಶಿಲ್ಪಗಳ ಬಿಗಿ ನಗು. ಇನ್ನೊಂದು ಕಡೆ ಗೂಬೆ. ಮೈ ಪಕ್ಕಕ್ಕೆ, ಮುಖ ನೇರ ನಮ್ಮ ಕಡೆಗೆ. ಮೂಲೆಯಲ್ಲಿ ಆಲಿವ್ ಎಲೆ, ಪುಟ್ಟ ಚಂದ್ರ. ಪಕ್ಕದಲ್ಲಿ ಊರಿನ ಹೆಸರಿನ ಮೊದಲ ಮೂರು ಅಕ್ಷರ: ಆಲ್ಫಾ, ಥೀಟಾ, ಎಪ್ಸಿಲಾನ್.

ಕ್ರಿ.ಪೂ. 5ನೇ ಶತಮಾನದ ನಡುವಿನ ಹೊತ್ತಿಗೆ ಪಕ್ಕಕ್ಕೆ ತಿರುಗಿದ ಮುಖದಲ್ಲಿ ಕಣ್ಣು ಹೇಗೆ ಕಾಣುತ್ತದೆ ಅಂತ ಗ್ರೀಕ್ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅಥೆನ್ಸಿನ ಟಂಕಸಾಲೆ ಮಾತ್ರ ಹಳೇ ಕಣ್ಣನ್ನೇ ಹಿಡಿದುಕೊಂಡು ಕೂತಿತ್ತು. ಕಣ್ಣು ಸರಿಯಾದ ಆಕಾರಕ್ಕೆ ಬಂದದ್ದು 4ನೇ ಶತಮಾನದಲ್ಲಿ. ಕಾರಣ ಸರಳ. ಅಥೆನ್ಸಿಗೆ ಬೆಳ್ಳಿ ಬರೀ ಹಣವಲ್ಲ, ಹೊರಗೆ ಕಳಿಸುವ ಸರಕೂ ಹೌದು. ಆ ನಾಣ್ಯ ಈಜಿಪ್ಟಿಗೆ ಹೋಗುತ್ತಿತ್ತು, ಸಿರಿಯಾಗೆ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿಗೆ ಗ್ರೀಕ್ ಓದಲು ಬರದಿದ್ದರೂ ಆ ಗೂಬೆ ಗೊತ್ತಿತ್ತು. ಈಜಿಪ್ಟಿನಲ್ಲಂತೂ ಅದೇ ಗೂಬೆಯ ನಕಲನ್ನು ತಾವೇ ಟಂಕಿಸಿದರು. ಇಷ್ಟು ದೂರ ನಂಬಿಕೆ ಗಳಿಸಿದ ಮುಖವನ್ನು ಚಂದ ಮಾಡಲು ಹೊರಟರೆ ‘ಇದು ಬೇರೆ ನಾಣ್ಯ ಕಣಯ್ಯಾ’ ಅಂತ ಯಾರಾದರೂ ತಳ್ಳಿಬಿಡಬಹುದು. ಅದಕ್ಕೇ ಮುಟ್ಟಲಿಲ್ಲ.

ಇದರ ಎದುರಿಗೆ ಸಿಸಿಲಿ ದ್ವೀಪದ ಗ್ರೀಕ್ ಊರು ಸಿರಾಕ್ಯೂಸ್ ಇಡಿ. ಅದಕ್ಕೆ ಒಂದೇ ಪ್ಯಾರಾ ಸಾಕು. ಹತ್ತು ಡ್ರಾಕ್ಮಾದ ದೊಡ್ಡ ನಾಣ್ಯ, ಸುಮಾರು 43 ಗ್ರಾಂ ಬೆಳ್ಳಿ. ಜಲದೇವತೆ ಅರೆಥೂಸಾಳ ತಲೆ, ಸುತ್ತ ಡಾಲ್ಫಿನ್‌ಗಳು, ಹಿಂದೆ ನಾಲ್ಕು ಕುದುರೆಯ ರಥ. ಕೆತ್ತಿದವರಲ್ಲಿ ಕಿಮೋನ್, ಯೂಐನೆಟೋಸ್ ಎಂಬ ಇಬ್ಬರು ಹೆಸರನ್ನೂ ಹಾಕಿಕೊಂಡಿದ್ದಾರೆ. ಕಿಮೋನ್ ತನ್ನ ಹೆಸರನ್ನು ಕೆಳಗಿನ ಡಾಲ್ಫಿನ್ ಮೈಮೇಲೆ ಕಂಡೂ ಕಾಣದ ಹಾಗೆ ಕೆತ್ತಿದ್ದಾನೆ. ಅಥೆನ್ಸಿನ ಗೂಬೆ ಕೆತ್ತಿದವನ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಊರು ನಾಣ್ಯದ ಮೇಲೆ ಕಲಾವಿದನಿಗೆ ಸಹಿ ಹಾಕಲು ಬಿಟ್ಟಿತು, ಇನ್ನೊಂದು ಕಣ್ಣನ್ನೂ ತಿದ್ದಲು ಬಿಡಲಿಲ್ಲ. ‘ಹಿಂದುಳಿದಿದ್ದವು’ ಅಂದಿರಲ್ಲ, ಆ ಪದವನ್ನು ದಯವಿಟ್ಟು ತೆಗೆಯಿರಿ.

ಈಗ ತಪ್ಪುಗಳು. ‘ಕರಗಿಸಿದ ಬೆಳ್ಳಿಯನ್ನು ಅಚ್ಚಿಗೆ ಸುರಿದು ನಾಣ್ಯ ತಯಾರಿಸುತ್ತಿದ್ದರು’ ಅಂತ ಬರೆದಿದ್ದೀರಿ. ಸುರಿಯುತ್ತಿದ್ದುದು ಬರೀ ಬಿಲ್ಲೆಯನ್ನು. ಚಿತ್ರ ಮೂಡುತ್ತಿದ್ದುದು ಏಟಿನಿಂದ. ಒಂದು ಅಚ್ಚನ್ನು ಗಟ್ಟಿ ದಿಮ್ಮಿಯಲ್ಲಿ ಕೂರಿಸುತ್ತಿದ್ದರು. ಕಾಯಿಸಿದ ಬಿಲ್ಲೆಯನ್ನು ಇಕ್ಕಳದಲ್ಲಿ ತಂದು ಅದರ ಮೇಲಿಟ್ಟು, ಮೇಲಿಂದ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಇದು ಸಣ್ಣ ತಪ್ಪಲ್ಲ. ನೀವು ಕಳಿಸಿದ ಫೋಟೋದಲ್ಲೇ ನೋಡಿ. ಅಥೀನಾಳ ಶಿರಸ್ತ್ರಾಣದ ತುರಾಯಿ ಅರ್ಧ ಇಲ್ಲ. ‘ಕಾಲನ ಹೊಡೆತಕ್ಕೆ ಸವೆದಿದೆ’ ಅಂದಿದ್ದೀರಿ. ಸವೆದದ್ದಲ್ಲ, ಮೂಡಿಯೇ ಇಲ್ಲ. ಬಿಲ್ಲೆ ಅಚ್ಚಿಗಿಂತ ಚಿಕ್ಕದು. ಏಟು ಸ್ವಲ್ಪ ಆಚೀಚೆ ಬಿದ್ದರೂ ಚಿತ್ರದ ಒಂದು ಅಂಚು ಹೊರಗೆ ಉಳಿಯುತ್ತದೆ. ಗೂಬೆಯ ಸುತ್ತ ಚೌಕಾಕಾರದ ಗುಂಡಿ ಕಾಣುತ್ತದಲ್ಲ, ಅದು ಮೇಲಿನ ಅಚ್ಚು ಒತ್ತಿದ ಗುರುತು.

ಅದೇ ಫೋಟೋದಲ್ಲಿ ಗೂಬೆಯ ಮೈಮೇಲೆ ಆಳವಾದ ಕಚ್ಚು ಇದೆ. ಅದರ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ! ಯಾರೋ ಉಳಿ ಇಟ್ಟು ಹೊಡೆದಿದ್ದಾರೆ. ಒಳಗೆ ಬೆಳ್ಳಿಯೋ, ತಾಮ್ರಕ್ಕೆ ಬೆಳ್ಳಿಯ ಲೇಪವೋ ಅಂತ ನೋಡಲು. ಇದಕ್ಕೆ ಅಥೆನ್ಸಿನಲ್ಲಿ ಕಾನೂನೇ ಇತ್ತು. ಕ್ರಿ.ಪೂ. 375-374ರಲ್ಲಿ ನಿಕೊಫೋನ್ ಎಂಬವನು ತಂದದ್ದು. ಅದನ್ನು ಕೆತ್ತಿದ ಕಲ್ಲು 1970ರಲ್ಲಿ ಅಥೆನ್ಸಿನ ಹಳೇ ಸಂತೆಬಯಲಾದ ಅಗೋರಾದ ಉತ್ಖನನದಲ್ಲಿ, ಚರಂಡಿಯ ಗೋಡೆಯಲ್ಲಿ ಸಿಕ್ಕಿತು. ಅದರ ಪ್ರಕಾರ ಸರ್ಕಾರದ ಗುಲಾಮನಾದ ಒಬ್ಬ ಚಿನಿವಾರ, ಅಂದರೆ ನಾಣ್ಯ ಪರೀಕ್ಷಿಸುವವನು, ಪ್ರತಿದಿನ ಸಂತೆಯಲ್ಲಿ ಹಣ ಬದಲಿಸುವ ಮೇಜುಗಳ ನಡುವೆ ಕೂರಬೇಕು. ಒಳಗೆ ಕಂಚು, ಸೀಸ ಇರುವ ಖೋಟಾ ನಾಣ್ಯ ಬಂದರೆ ಅಲ್ಲೇ ಅಡ್ಡಕ್ಕೆ ಕತ್ತರಿಸಬೇಕು. ಬೇರೆ ದೇಶದಲ್ಲಿ ಅದೇ ಗೂಬೆಯ ಗುರುತಿನಿಂದ ಟಂಕಿಸಿದ್ದು, ಆದರೆ ಬೆಳ್ಳಿ ಒಳ್ಳೆಯದಾಗಿದ್ದರೆ, ತಂದವನಿಗೆ ವಾಪಸು ಕೊಡಬೇಕು. ಚಿನಿವಾರ ಒಪ್ಪಿದ ನಾಣ್ಯವನ್ನು ಯಾವನಾದರೂ ವ್ಯಾಪಾರಿ ‘ಬೇಡ’ ಅಂದರೆ ಆ ದಿನದ ಅವನ ಸರಕೆಲ್ಲ ಜಪ್ತಿ. ಚಿನಿವಾರನೇ ಕೆಲಸ ತಪ್ಪಿಸಿದರೆ ಅವನಿಗೆ 50 ಚಾಟಿ ಏಟು. ಇಷ್ಟು ಜೀವಂತ ದೃಶ್ಯ ಬಿಟ್ಟು ನೀವು ಏನು ಬರೆದಿರಿ? ‘ಸದರಿ ನಾಣ್ಯಗಳು ವಾಣಿಜ್ಯ ವ್ಯವಹಾರಗಳಲ್ಲಿ ಬಹುಮುಖ್ಯ ಪಾತ್ರ ವಹಿಸಿರುವುದು ಕಂಡುಬರುತ್ತದೆ.’ ಯಾರಿಗೆ ಕಂಡುಬರುತ್ತದೆ ಸ್ವಾಮಿ? ಒಬ್ಬ ಮನುಷ್ಯನಾದರೂ ಬೇಡವೇ ವಾಕ್ಯದಲ್ಲಿ?

ಮನುಷ್ಯರು ಬೇಕೆಂದರೆ ಅಥೆನ್ಸಿನ ಹಾಸ್ಯ ನಾಟಕಕಾರ ಅರಿಸ್ಟೋಫನೀಸ್‌ನ ಹತ್ತಿರ ಹೋಗಿ. ಕ್ರಿ.ಪೂ. 422ರ ಅವನ ನಾಟಕವೊಂದರಲ್ಲಿ ನ್ಯಾಯಸಭೆಗೆ ಕೂರುವ ಮುದುಕನೊಬ್ಬ ಬರುತ್ತಾನೆ. ದಿನದ ಸಂಬಳ ಮೂರು ಒಬೊಲ್, ಅಂದರೆ ಅರ್ಧ ಡ್ರಾಕ್ಮಾ. ಅವನಿಗೂ ಅವನ ಜೊತೆಗಾರನಿಗೂ ಸೇರಿಸಿ ಒಂದು ಡ್ರಾಕ್ಮಾ ಕೊಟ್ಟಿದ್ದಾರೆ. ಜೊತೆಗಾರ ಮೀನಿನ ಸಂತೆಗೆ ಹೋಗಿ ಚಿಲ್ಲರೆ ಮಾಡಿಸಿ, ಮುದುಕನ ಕೈಗೆ ಮೂರು ಮೀನಿನ ಹುರುಪೆ ಹಾಕಿದ. ಮುದುಕ ಒಬೊಲ್ ಅಂದುಕೊಂಡು ಬಾಯಿಗೆ ಹಾಕಿಕೊಂಡ. ಗಬ್ಬು ನಾತ ಹೊಡೆದು ಥೂ ಅಂತ ಉಗಿದ. ಆಗಿನವರು ಚಿಲ್ಲರೆಯನ್ನು ಬಾಯಲ್ಲಿ, ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಒಬೊಲ್ ತೂಕ 0.7 ಗ್ರಾಂ ಅಂತ ನೀವು ಒಣದಾಗಿ ಬರೆದಿದ್ದೀರಿ. ಈ ಮುದುಕನ ಕತೆ ಆದಮೇಲೆ ಬರೆಯಿರಿ. ಮೀನಿನ ಹುರುಪೆಯಷ್ಟಿರುವ ಆ ಬೆಳ್ಳಿಚೂರಿನ ಮೇಲೂ ಅದೇ ಅಥೀನಾ, ಅದೇ ಗೂಬೆ ಇತ್ತು ಅನ್ನುವುದು ಆಗ ನಾಟುತ್ತದೆ.

ಬೆಳ್ಳಿ ಎಲ್ಲಿಂದ ಬಂತು ಅನ್ನುವುದಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು: ‘ಲಾರಿಯಾನ್ ಗಣಿಗಳಿಂದ’. ಇದನ್ನು ಬೆಳೆಸಿ. ಕ್ರಿ.ಪೂ. 483ರ ಸುಮಾರಿಗೆ ಅಥೆನ್ಸಿನವರದೇ ಆದ ಆ ಗಣಿಗಳಲ್ಲಿ ಭಾರಿ ಬೆಳ್ಳಿ ಸಿಕ್ಕಿತು. ಅದನ್ನು ಜನರಿಗೆ ಹಂಚುವ ಮಾತು ನಡೆದಿತ್ತು. ಥೆಮಿಸ್ಟೊಕ್ಲೀಸ್ ಎಂಬ ನಾಯಕ ಹಂಚುವುದು ಬೇಡ, ಹಡಗು ಕಟ್ಟೋಣ ಅಂತ ಒಪ್ಪಿಸಿದ. ಮೂರು ವರ್ಷದಲ್ಲಿ ಪರ್ಷಿಯಾದವರ ಜೊತೆ ಸಲಮಿಸ್ ನೌಕಾ ಕದನ ಬಂತು, ಆ ಹಡಗುಗಳೇ ಊರನ್ನು ಉಳಿಸಿದವು. ಇದನ್ನು ಎಲ್ಲರೂ ಬರೆಯುತ್ತಾರೆ. ಇನ್ನೊಂದು ಕಡೆಯನ್ನೂ ಬರೆಯಿರಿ. ನಿಕಿಯಸ್ ಎಂಬ ಸಿರಿವಂತ 1000 ಗುಲಾಮರನ್ನು ಗಣಿಗೆ ಬಾಡಿಗೆಗೆ ಬಿಟ್ಟಿದ್ದ. ಒಬ್ಬನಿಗೆ ದಿನಕ್ಕೆ ಒಂದು ಒಬೊಲ್. ಅದು ಸೇರುತ್ತಿದ್ದುದು ನಿಕಿಯಸ್‌ನ ಜೇಬಿಗೆ. ಆ ಕಾಲದ ಲೇಖಕ ಝೆನೊಫೋನ್ ಇದನ್ನು ಲಾಭದ ಲೆಕ್ಕವಾಗಿ, ಮೆಚ್ಚಿಕೊಂಡೇ ಬರೆಯುತ್ತಾನೆ. ನಿಮಗೆ ಮೆಚ್ಚುಗೆ ಬೇಕಿಲ್ಲ.

ಕ್ರಿ.ಪೂ. 413ರಲ್ಲಿ ಶತ್ರುಗಳಾದ ಸ್ಪಾರ್ಟಾದವರು ಅಥೆನ್ಸಿನ ಹತ್ತಿರದ ಡೆಸಿಲಿಯಾದಲ್ಲಿ ಠಾಣ್ಯ ಹೂಡಿದ ಮೇಲೆ 20,000ಕ್ಕೂ ಹೆಚ್ಚು ಗುಲಾಮರು ಓಡಿಹೋದರು ಅಂತ ಇತಿಹಾಸಕಾರ ಥುಸಿಡಿಡೀಸ್ ಹೇಳುತ್ತಾನೆ. ಬೆಳ್ಳಿ ನಿಂತುಹೋಯಿತು. ವಿಜಯದೇವಿ ನೀಕೆಯ ಚಿನ್ನದ ವಿಗ್ರಹಗಳನ್ನು ಕರಗಿಸಿ ನಾಣ್ಯ ಮಾಡಿದರು. ಆಮೇಲೆ ಬೆಳ್ಳಿ ಲೇಪದ ನಾಣ್ಯ ಬಂತು. ಮುಂದೆ ಯಾವ ಊರು ಖೋಟಾ ನಾಣ್ಯ ಕತ್ತರಿಸುವ ಕಾನೂನು ತಂದಿತೋ ಅದೇ ಊರು! ಮುಂದೆ ಅವುಗಳನ್ನು ರದ್ದು ಮಾಡಿದಾಗ ಏನಾಯಿತು ಅಂತಲೂ ಅರಿಸ್ಟೋಫನೀಸ್ ಹೇಳಿದ್ದಾನೆ. ಒಬ್ಬ ದ್ರಾಕ್ಷಿ ಮಾರಿ, ಬಾಯಿ ತುಂಬ ಚಿಲ್ಲರೆ ತುಂಬಿಕೊಂಡು ಹಿಟ್ಟು ಕೊಳ್ಳಲು ಹೋಗಿದ್ದ. ಚೀಲ ಹಿಡಿದು ನಿಂತ ಹೊತ್ತಿಗೆ ಸರಿಯಾಗಿ ಡಂಗುರ: ಈ ನಾಣ್ಯ ಇನ್ನು ನಡೆಯುವುದಿಲ್ಲ, ಬೆಳ್ಳಿ ಮಾತ್ರ. ನೋಟು ರದ್ದಾದ ದಿನ ಕಂಡ ನಮ್ಮ ಓದುಗರಿಗೆ ಇದನ್ನು ನೀವು ವಿವರಿಸಬೇಕಾಗಿಲ್ಲ.

ಏನೇನು ತೆಗೆಯಬೇಕು? ಲಿಡಿಯಾದ ಕ್ರೀಸಸ್ ದೊರೆ ಜಗತ್ತಿನ ಮೊದಲ ನಾಣ್ಯ ಹೊರಡಿಸಿದ ಅನ್ನುವ ಪ್ಯಾರಾ. ಅವನು ಕ್ರಿ.ಪೂ. 6ನೇ ಶತಮಾನದ ನಡುವಿನವನು. ಚಿನ್ನ ಬೆಳ್ಳಿ ಬೆರೆತ ಎಲೆಕ್ಟ್ರಮ್ ನಾಣ್ಯಗಳು ಅದಕ್ಕೂ ಹಳೆಯವು. ಎಫೆಸಸ್‌ನ ಆರ್ಟೆಮಿಸ್ ಗುಡಿಯ ಅಡಿಪಾಯದ ಕೆಳಗೇ ಸಿಕ್ಕಿವೆ. ಕ್ರೀಸಸ್ ಹೆಸರಿಗೆ ಸಲ್ಲಬೇಕಾದ್ದು ಚಿನ್ನಕ್ಕೆ ಬೇರೆ, ಬೆಳ್ಳಿಗೆ ಬೇರೆ ನಾಣ್ಯ ಮಾಡಿದ ಕೆಲಸ. ಚಂದ್ರನ ಚಿತ್ರ ಮ್ಯಾರಥಾನ್ ಯುದ್ಧದ ಗೆಲುವಿನ ನೆನಪು ಅನ್ನುವುದು ಬರೀ ಊಹೆ, ಅದನ್ನು ಸತ್ಯ ಅಂತ ಬರೆಯಬೇಡಿ. ‘ನಮ್ಮಲ್ಲಿ ಗೂಬೆ ಅಪಶಕುನ, ಅವರಲ್ಲಿ ಜ್ಞಾನ’ ಅನ್ನುವ ಪ್ಯಾರಾವನ್ನು ನಾನು ಎಷ್ಟೋ ಲೇಖನಗಳಲ್ಲಿ ಓದಿಯಾಗಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಗ್ರೀಕ್ ನಾಣ್ಯ ಸಿಕ್ಕಿದೆ ಅಂತ ಬರೆದಿದ್ದೀರಿ. ಅಲ್ಲಿ ಸಿಕ್ಕಿದ್ದು ರೋಮನ್ ಬೆಳ್ಳಿ ನಾಣ್ಯ, ಅಗಸ್ಟಸ್, ಟೈಬೀರಿಯಸ್ ಕಾಲದವು. ನಮ್ಮೂರಿನ ನಂಟು ಬೇಕೇ ಬೇಕು ಅಂತ ಸುಮ್ನೆ ಎಳೆದು ತರಬೇಡಿ. ಊರಿನ ಹೆಸರನ್ನೇ ಚಿತ್ರ ಮಾಡಿದ ನಾಣ್ಯಗಳು, ಅಂದರೆ ಫೋಸಿಯಾದ ಸೀಲ್ ಎಂಬ ಕಡಲಪ್ರಾಣಿ, ರೋಡ್ಸಿನ ಗುಲಾಬಿ, ಸೆಲಿನಸ್‌ನ ಎಲೆ, ಇವು ಚೆನ್ನಾಗಿವೆ. ಪಕ್ಕದಲ್ಲಿ ಒಂದು ಬಾಕ್ಸ್ ಮಾಡಿ ಹಾಕೋಣ.

ಬ್ಯಾಕ್ಟ್ರಿಯಾ ಭಾಗವನ್ನು ಪೂರ್ತಿ ಎತ್ತಿಡಿ. ಬಿಸಾಡಲು ಹೇಳುತ್ತಿಲ್ಲ. ಅಗಥೊಕ್ಲೀಸ್ ಎಂಬ ಗ್ರೀಕ್ ದೊರೆ ಕ್ರಿ.ಪೂ. 180ರ ಆಸುಪಾಸಿನಲ್ಲಿ ಹೊರಡಿಸಿದ ಚೌಕದ ಬೆಳ್ಳಿ ನಾಣ್ಯ, ಒಂದು ಕಡೆ ನೇಗಿಲು ಹಿಡಿದ ಬಲರಾಮ ಮತ್ತು ಗ್ರೀಕ್ ಬರಹ, ಇನ್ನೊಂದು ಕಡೆ ಶಂಖ ಚಕ್ರದ ವಾಸುದೇವ ಮತ್ತು ಬ್ರಾಹ್ಮಿ ಬರಹ, ಅಫ್ಘಾನಿಸ್ತಾನದ ಐ ಖಾನೂಮ್‌ನಲ್ಲಿ 1970ರಲ್ಲಿ ಸಿಕ್ಕಿದ್ದು. ಇದೇ ಒಂದು ಬೇರೆ ಲೇಖನ. ಆದರೆ ‘ಕೃಷ್ಣಭಕ್ತಿ ಗ್ರೀಸ್‌ವರೆಗೂ ಹಬ್ಬಿತ್ತು’ ಅನ್ನುವ ನಿಮ್ಮ ತೀರ್ಮಾನ ಇದರಿಂದ ಹುಟ್ಟುವುದಿಲ್ಲ. ಅವನು ಆಳಿದ್ದು ಗ್ರೀಸ್ ಅಲ್ಲ. ನಾಣ್ಯದ ತೂಕವೂ ಭಾರತದ ಕಡೆಯ ಅಳತೆಯದು. ಇಲ್ಲಿಯ ಜನರ ಕೈಯಲ್ಲಿ ಚಲಾವಣೆ ಆಗಲಿ ಅಂತ ಮಾಡಿದ್ದು.

ಗೂಬೆಯ ಲೇಖನ 1200 ಪದದೊಳಗೆ ಇರಲಿ. ಫೋಟೋಗಳನ್ನು ಗೂಗಲ್‌ನಿಂದ ಎತ್ತಿ ಕಳಿಸಬೇಡಿ, ಬಳಸಲು ಅನುಮತಿ ಇರುವ ಮ್ಯೂಸಿಯಂ ಚಿತ್ರಗಳನ್ನೇ ಹುಡುಕಿ. ಕಚ್ಚು ಇರುವ ಗೂಬೆ ಒಂದು ಬೇಕೇ ಬೇಕು. ಅಗಥೊಕ್ಲೀಸ್ ಲೇಖನ ಮೊದಲು ಸಿದ್ಧವಾದರೆ ಅದನ್ನೇ ಕಳಿಸಿ, ನಡೆಯುತ್ತದೆ.

ಇಂತಿ,
ಸಂಪಾದಕ