‘ಹದಿನೆಂಟು ಎಕರೆ ಕಾನಿನಿಂದ ಸಿಂಗಳೀಕಕ್ಕೆ ಏನು ಉಪಯೋಗ?’

ಸಿಂಗಳೀಕದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನಾಲ್ಕೈದು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವಕ್ಕೆ ಮೂರು ಮೂರು ಸಲ ಉತ್ತರ ಬರೆದಿದ್ದೇನೆ. ಮತ್ತೆ ಅದೇ ಬಂದಾಗ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕಾದದ್ದು. ಈ ಸಲ ಜಾಸ್ತಿ ಜಾಗ ಅದಕ್ಕೇ. ಸಿಂಗಳೀಕ ನೋಡಲು ಹೇಗಿರುತ್ತದೆ ಅಂತ ಶುರುವಿನಿಂದ ಹೇಳುತ್ತಾ ಕೂರುವುದಿಲ್ಲ. ಮುಖದ ಸುತ್ತ ಬೂದು ಕೇಸರ ಇರುವ ಕಪ್ಪು ಮಂಗ ಅಂದರೆ ಸಾಕು, ಶರಾವತಿಯ ಆಚೀಚೆ ಇರುವವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ಮೇಡಂ, ನಮ್ಮದು ಸಾಗರ ತಾಲ್ಲೂಕು. ತೋಟದ ಮೇಲ್ಗಡೆ ಹದಿನೆಂಟು ಎಕರೆಯಷ್ಟು ಕಾನು (ನಿತ್ಯಹಸಿರು ಕಾಡು) ಇದೆ. ಸುತ್ತ ತೋಟ, ಗದ್ದೆ, ಒಂದು ಕಡೆ ಅಕೇಶಿಯಾ ಪ್ಲಾಂಟೇಶನ್. ವರ್ಷಕ್ಕೆ ಮೂರ್ನಾಲ್ಕು ಸಲ ಸಿಂಗಳೀಕದ ಗುಂಪು ಬಂದು ಎರಡು ದಿನ ಇದ್ದು ಹೋಗುತ್ತದೆ. ಈಗ ತೋಟಕ್ಕೆ ಟ್ರ್ಯಾಕ್ಟರ್ ದಾರಿ ಮಾಡಬೇಕು. ಕಾನಿನ ಅಂಚಿನ ಕೆಲವು ಮರ ತೆಗೆಯಬೇಕಾಗುತ್ತದೆ. ಇಷ್ಟು ಚಿಕ್ಕ ಕಾನು ಉಳಿಸಿ ಆ ಪ್ರಾಣಿಗೆ ಏನು ಉಪಯೋಗ? ಹಿಡಿದು ಅಭಯಾರಣ್ಯದೊಳಗೆ ಬಿಟ್ಟರೆ ಒಳ್ಳೇದಲ್ವಾ?

ಉತ್ತರ: ಕೊನೆಯ ಮಾತನ್ನು ಮೊದಲು ಮುಗಿಸುತ್ತೇನೆ. ಹಿಡಿದು ಬಿಡುವ ಯೋಚನೆ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿರುವ ಪ್ರಾಣಿ ಇದು. ಅನುಮತಿ ಇಲ್ಲದೆ ಯಾರೂ ಹಿಡಿಯುವಂತಿಲ್ಲ. ಕಾನೂನು ಒತ್ತಟ್ಟಿಗಿರಲಿ. ನೀವು ಬಿಡಬೇಕು ಅನ್ನುವ ಕಾಡಿನಲ್ಲಿ ಆಗಲೇ ಇನ್ನೊಂದು ಗುಂಪು ಇರುತ್ತದೆ. ಯಾವ ತಿಂಗಳು ಯಾವ ಮರ ಹಣ್ಣು ಬಿಡುತ್ತದೆ, ಅಲ್ಲಿಗೆ ಯಾವ ಕೊಂಬೆ ಹಿಡಿದು ಹೋಗಬೇಕು ಅನ್ನುವ ಲೆಕ್ಕ ನಿಮ್ಮಲ್ಲಿಗೆ ಬರುವ ಗುಂಪಿಗೆ ಇಲ್ಲಿ ಗೊತ್ತು. ಹೊಸ ಜಾಗದಲ್ಲಿ ಆ ಲೆಕ್ಕ ಇಲ್ಲ. ಕಾಟ ಕೊಡುವ ಮಂಗಗಳನ್ನು ಬೋನಿನಲ್ಲಿ ಹಿಡಿದು ಇನ್ನೊಂದು ಊರಿನ ಹತ್ತಿರ ಬಿಟ್ಟು ಬರುವವರನ್ನು ನೋಡಿಯೇ ಈ ಯೋಚನೆ ಬಂದಿರಬೇಕು. ಅದೂ ತಪ್ಪೇ, ಆ ಊರಿನವರನ್ನು ಕೇಳಿ.

ಈಗ ಹದಿನೆಂಟು ಎಕರೆ ವಿಷಯ. ಒಂದು ಗುಂಪಿಗೆ ಓಡಾಡಲು ನೂರಾರು ಎಕರೆ ಬೇಕು. ನಿಮ್ಮ ಕಾನು ಅದಕ್ಕೆ ಮನೆ ಆಗಲಾರದು, ನೀವು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ನಿಮ್ಮ ಅಜ್ಜನ ಕಾಲದವರು ಘಟ್ಟ ಇಳಿದು ನಡೆದು ಹೋಗುವಾಗ ದಾರಿಯಲ್ಲಿ ಒಂದು ಕಟ್ಟೆ, ಒಂದು ಬಾವಿ, ಗುರುತಿನವರ ಮನೆ ಅಂತ ಇರುತ್ತಿತ್ತಲ್ಲ? ನಿಮ್ಮ ಕಾನು ಅಂಥದ್ದು. ಅದು ಹೋದರೆ ಆಚೆಯ ದೊಡ್ಡ ಕಾಡು ಇದ್ದೂ ಇಲ್ಲದ ಹಾಗೆ.

ಈ ಪ್ರಾಣಿ ಬದುಕುವುದೇ ಮರದ ಮೇಲೆ. ಊರ ಮಂಗದ ಹಾಗೆ ಗದ್ದೆ ದಾಟಿ ಓಡುವುದು ಅದರ ರೂಢಿ ಅಲ್ಲ. ಕೊಂಬೆಗೆ ಕೊಂಬೆ ತಾಗಿರುವಷ್ಟೇ ಅದರ ಕಾಡು. ಆ ಗುಂಪುಗಳಲ್ಲಿ ಹೆಣ್ಣು ಹುಟ್ಟಿದಲ್ಲೇ ಉಳಿಯುತ್ತದೆ, ಗಂಡು ಬೆಳೆದ ಮೇಲೆ ಬೇರೆ ಗುಂಪು ಹುಡುಕಿಕೊಂಡು ಹೋಗಬೇಕು. ನಡುವೆ ದಾರಿ ಕಡಿದರೆ ಆ ಗಂಡು ಎಲ್ಲಿಗೆ ಹೋಗಬೇಕು? ನಾಲ್ಕು ತಲೆಮಾರು ಹೀಗೇ ಕಳೆದರೆ ಒಂದೇ ರಕ್ತದಲ್ಲಿ ಮರಿ. ಅದೂ ಎಷ್ಟು ಮರಿ? ಕಾಡಿನಲ್ಲಿ ಹೆಣ್ಣು ಮೊದಲ ಮರಿ ಹಾಕುವುದು ಆರೇಳು ವರ್ಷಕ್ಕೆ. ಆಮೇಲೆ ಸುಮಾರು ಮೂರು ವರ್ಷಕ್ಕೊಂದು. ಒಂದು ಹೆಣ್ಣು ರಸ್ತೆಯಲ್ಲಿ ಸತ್ತರೆ ಆ ಜಾಗ ತುಂಬಲು ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ. ಲೋಕದಲ್ಲೆಲ್ಲ ಸೇರಿಸಿದರೂ ಕಾಡಿನ ಸಿಂಗಳೀಕ ಇರುವುದು ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಲ್ಲಿ ಮಾತ್ರ.

2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಘೋಷಣೆ ಆಯಿತು. ಹಳೆಯ ಶರಾವತಿ ಅಭಯಾರಣ್ಯ, ಉತ್ತರ ಕನ್ನಡದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ, ಅವುಗಳ ಪಕ್ಕದ ಮೀಸಲು ಅರಣ್ಯ, ಎಲ್ಲ ಸೇರಿ 930.16 ಚದರ ಕಿಲೋಮೀಟರ್. ಬಿಡಿಬಿಡಿಯಾಗಿದ್ದ ಕಾಡುಗಳನ್ನು ಜೋಡಿಸಿದ್ದು ದೊಡ್ಡ ಕೆಲಸ, ನನಗೆ ಆ ದಿನ ತುಂಬಾ ಖುಷಿ ಆಗಿತ್ತು. ಆದರೆ ನಕ್ಷೆಯಲ್ಲಿ ಒಂದೇ ಹಸಿರು ಬಣ್ಣ ಬಳಿದ ಮಾತ್ರಕ್ಕೆ ನೆಲದ ಮೇಲೆ ಕೊಂಬೆ ಕೂಡುವುದಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಒಂದು ಕಡೆ, ಕಾಡು ಸೀಳಿಕೊಂಡು ಹೋದ ವಿದ್ಯುತ್ ಲೈನು ಇನ್ನೊಂದು ಕಡೆ. ಆಮೇಲೆ ರಸ್ತೆ, ಅಕೇಶಿಯಾ, ಹಿಗ್ಗುತ್ತಲೇ ಇರುವ ಅಡಿಕೆ ತೋಟ. ಇವುಗಳ ನಡುವೆ ಉಳಿದಿರುವ ಕೊಂಡಿ ನಿಮ್ಮಂಥವರ ಕಾನು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ದೇವರ ಕಾಡು.

ಒಂದು ಬೆಳಗಿನ ಕಥೆ ಹೇಳುತ್ತೇನೆ. ಮಳೆಗಾಲ ಮುಗಿಯುತ್ತಾ ಬಂದಿತ್ತು. ನಾನು ಹಿಂಬಾಲಿಸುತ್ತಿದ್ದ ಗುಂಪು ಒಂದು ತೋಟದ ದಾರಿಯ ಹತ್ತಿರ ಬಂತು. ಹೋದ ವರ್ಷ ಅಲ್ಲಿ ದಾರಿ ಇರಲಿಲ್ಲ. ಎರಡು ಮರ ಕಡಿದು ಹೊಸದಾಗಿ ಮಾಡಿದ್ದರು. ಎರಡೇ ಮರ. ದೊಡ್ಡ ಗಂಡು ಕೊಂಬೆಯ ತುದಿಗೆ ಹೋಗಿ, ಎರಡು ಸಲ ಜೀಕಿ, ಹಾರಿತು. ಆಚೆ ಹೆಬ್ಬಲಸಿನ ಎಲೆ ಸಿಕ್ಕಿತು. ಹಿಂದೆ ಮೂರು ನಾಲ್ಕು ಹಾರಿದವು. ಆಮೇಲೆ ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದ ತಾಯಿ ಬಂತು. ತುದಿಗೆ ಹೋಯಿತು, ಕೊಂಬೆ ಬಾಗಿತು, ಹಿಂದೆ ಬಂತು. ಇನ್ನೊಂದು ಕೊಂಬೆ ನೋಡಿತು. ಮತ್ತೆ ಮೊದಲಿನದಕ್ಕೇ ಬಂತು. ಆಚೆಯಿಂದ ಉಳಿದವು ‘ಕೂ’ ಅಂತ ಕರೆಯುತ್ತಿದ್ದವು. ಮರಿಯ ಮುಖ ಇನ್ನೂ ಬಿಳಿಚಿಕೊಂಡಿತ್ತು, ಕೇಸರ ಬಂದಿರಲಿಲ್ಲ, ಹುಟ್ಟಿ ಬಹಳ ದಿನ ಆಗಿರಲಾರದು. ನಲವತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಕಾಂಡ ಹಿಡಿದು ಇಳಿದು, ಕೆಮ್ಮಣ್ಣಿನ ಮೇಲೆ ನಿಂತು, ಆ ಕಡೆ ಈ ಕಡೆ ನೋಡಿ ಓಡಿತು. ಆಗ ನಾಯಿ ಇರಲಿಲ್ಲ, ಬೈಕ್ ಬರಲಿಲ್ಲ. ಅಷ್ಟೇ ಅದೃಷ್ಟ.

ನೀವು ತೆಗೆಯಬೇಕು ಅಂದಿರುವ ‘ಕೆಲವು ಮರ’ ಅಂದರೆ ನನ್ನ ಕಣ್ಣಿಗೆ ಬರುವುದು ಆ ತಾಯಿ.

ಹಾಗಾದರೆ ದಾರಿ ಮಾಡಲೇಬಾರದಾ? ಮಾಡಿ. ಅಡಿಕೆ ಹೊತ್ತು ಬೆನ್ನು ಮುರಿದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಗುರುತು ಹಾಕುವ ಮೊದಲು ಒಂದು ದಿನ ತಲೆ ಎತ್ತಿಕೊಂಡು ನಡೆಯಿರಿ. ನೆಲ ನೋಡಬೇಡಿ, ಮೇಲೆ ನೋಡಿ. ಎಲ್ಲಿ ಎರಡೂ ಕಡೆಯ ಕೊಂಬೆ ಒಂದರ ಮೇಲೊಂದು ಬಂದಿದೆಯೋ ಅಲ್ಲಿ ಮರ ಮುಟ್ಟಬೇಡಿ, ದಾರಿಯನ್ನು ಸ್ವಲ್ಪ ಸೊಟ್ಟ ಮಾಡಿ. ಟ್ರ್ಯಾಕ್ಟರ್ ಸೊಟ್ಟ ದಾರಿಯಲ್ಲೂ ಹೋಗುತ್ತದೆ. ಅಗಲ ಟ್ರೇಲರ್‌ಗೆ ಸಾಕಾಗುವಷ್ಟೇ ಇರಲಿ. ಜೆಸಿಬಿಯವರು ಒಂದು ಗಂಟೆಯ ಬಾಡಿಗೆ ಮಿಕ್ಕಿತು ಅಂತ ಅಂಚು ಕೆರೆಯುತ್ತಾರೆ, ಬಿಡಬೇಡಿ. ದೊಡ್ಡ ಬಳ್ಳಿಗಳನ್ನು ಕಡಿಯಬೇಡಿ, ಅವೂ ಸೇತುವೆಯೇ. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಅಂಚಿನ ಮರಗಳ ತುದಿ ಸವರಬೇಡಿ. ಪಂಪ್‌ಸೆಟ್ಟಿಗೆ ಲೈನು ಎಳೆಸುವುದಾದರೆ ಕಾನಿನೊಳಗಿಂದ ಬೇಡ. ಬೇರೆ ದಾರಿಯೇ ಇಲ್ಲ ಅಂದರೆ ಹೊದಿಕೆ ಇರುವ ತಂತಿಯೇ ಹಾಕಿಸಿ. ಇನ್ನು, ಕಾನು ಯಾರ ಹೆಸರಿನಲ್ಲಿದೆ ಅಂತ ಪಹಣಿ ತೆಗೆಸಿ ನೋಡಿ. ಸರ್ಕಾರಿ ಕಾನಾದರೆ ಒಂದು ಮರವೂ ನಿಮ್ಮದಲ್ಲ. ನಿಮ್ಮದೇ ಆದರೂ ಅರಣ್ಯ ಇಲಾಖೆಯನ್ನು ಕೇಳದೆ ಕೊಡಲಿ ಎತ್ತಬೇಡಿ.

ಈಗಾಗಲೇ ಕೊಂಬೆಗಳ ನಡುವೆ ಸಂದು ಬಿದ್ದಿದ್ದರೆ ಏನು ಮಾಡಬೇಕು ಅಂತ ಸಿದ್ದಾಪುರದ ಕಡೆಯಿಂದಲೂ ಕೇಳಿದ್ದಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಪುದುತೋಟ್ಟಂ ಅನ್ನುವ ಕಡೆ ಚಹಾ ತೋಟಗಳ ನಡುವೆ ಒಂದು ತುಂಡು ಕಾಡು ಉಳಿದಿದೆ. ಅಲ್ಲಿ ಸಿಂಗಳೀಕಗಳು ನೆಲಕ್ಕಿಳಿಯುವುದು ಕಲಿತವು, ರಸ್ತೆ ದಾಟತೊಡಗಿದವು, ಗಾಡಿಗೆ ಸಿಕ್ಕಿ ಸತ್ತವು. ಆಮೇಲೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದರು. ಅವು ಬಳಸುತ್ತವೆ. ನಿಮ್ಮಲ್ಲೂ ಮಾಡಬಹುದು, ಆದರೆ ಇಲಾಖೆ ಮತ್ತು ತಿಳಿದವರ ಜೊತೆ ಸೇರಿ ಮಾಡಿ. ನೈಲಾನ್ ಹಗ್ಗ ಒಂದೆಳೆ ಕಟ್ಟಿ ಫೋಟೋ ಹಾಕುವುದು ಸೇತುವೆ ಅಲ್ಲ. ಜೊತೆಗೆ ಸಸಿ ಹಾಕಿ. ಬೈನೆ, ಹೆಬ್ಬಲಸು, ನೇರಳೆ, ಅತ್ತಿ, ಉಪ್ಪಾಗೆ, ಯಾವುದು ನಿಮ್ಮ ಕಾನಿನಲ್ಲೇ ಇದೆಯೋ ಅದರ ಬೀಜದಿಂದ. ಅಕೇಶಿಯಾ ಹಾಕಿ ‘ಹಸಿರು ಆಯ್ತಲ್ಲ’ ಅನ್ನಬೇಡಿ. ಅದರಲ್ಲಿ ಸಿಂಗಳೀಕಕ್ಕೆ ತಿನ್ನಲು ಹಣ್ಣೂ ಇಲ್ಲ, ವರ್ಷಗಟ್ಟಲೆ ನಿಲ್ಲುವ ಭರವಸೆಯೂ ಇಲ್ಲ.

ಉಪ್ಪಾಗೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಆ ಹುಳಿ ಹಣ್ಣಿನಲ್ಲಿ ನಮಗೆ ಬೇಕಾದದ್ದು ಸಿಪ್ಪೆ. ಸಿಂಗಳೀಕಗಳಿಗೆ ಬೇಕಾದದ್ದು ಒಳಗಿನ ತಿರುಳು. ಬೇರೆಯವರು ಕೊಯ್ದುಬಿಡುತ್ತಾರೆ ಅಂತ ಕಾಯಿ ಇರುವಾಗಲೇ ಟೊಂಗೆ ಕಡಿದು ಕೆಡಹುತ್ತಾರಲ್ಲ, ಅಲ್ಲಿ ಇಬ್ಬರಿಗೂ ನಷ್ಟ. ಬಲಿತ ಮೇಲೆ ಕೊಯ್ಯಿರಿ, ಮರಕ್ಕೆ ಒಂದಷ್ಟು ಬಿಡಿ. ಮರದಡಿ ಅವು ಬೀಳಿಸಿದ ಸಿಪ್ಪೆ ಆರಿಸಿಕೊಳ್ಳಿ. ಇದು ಊರಿನವರು ಕೂತು ಒಂದು ದಿನಾಂಕ ಗೊತ್ತು ಮಾಡಿದರೆ ಮಾತ್ರ ಆಗುವ ಕೆಲಸ, ಒಬ್ಬರಿಂದ ಆಗುವುದಿಲ್ಲ.

ಪ್ರಶ್ನೆ: ನಮ್ಮ ತೋಟಕ್ಕೆ ಉದ್ದ ಬಾಲದ, ಕಪ್ಪು ಮುಖದ ಸಿಂಗಳೀಕ ಬಂದು ಏಲಕ್ಕಿ ಹಾಳು ಮಾಡುತ್ತಿವೆ. (ತೀರ್ಥಹಳ್ಳಿ)

ಉತ್ತರ: ನೀವು ಕಳಿಸಿದ ಫೋಟೋದಲ್ಲಿರುವುದು ಮುಸಿಯ, ಸಿಂಗಳೀಕ ಅಲ್ಲ.

ಪ್ರಶ್ನೆ: ಸಿಂಗಳೀಕದಿಂದ ಮಂಗನ ಕಾಯಿಲೆ ಬರುತ್ತದಂತೆ, ಓಡಿಸುವುದು ಹೇಗೆ? (ಹೊಸನಗರ)

ಉತ್ತರ: ಕಾಯಿಲೆ ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಗುರುತಾದ ದಿನದಿಂದ ಹೆಚ್ಚಾಗಿ ಸತ್ತು ಬಿದ್ದಿರುವುದು ಮುಸಿಯ ಮತ್ತು ಮಂಗ. ಅವೂ ನಮ್ಮ ಹಾಗೇ ಕಾಯಿಲೆಗೆ ಸಿಕ್ಕಿದವು. ಕೋತಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ಅದರ ಮೈಯಿಂದ ಇಳಿದ ಉಣುಗು ಸುತ್ತಲಿನ ದರಗಿನಲ್ಲೇ (ಒಣಗಿದ ಎಲೆಯಲ್ಲೇ) ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ. ಬೇಸಿಗೆಯಲ್ಲಿ ದರಗು ತರಲು ಹೋಗುವವರು ಉಣುಗು ಹತ್ತದ ಹಾಗೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಜ್ವರ ಬಂದರೆ ಮನೆಮದ್ದು ಅಂತ ಎರಡು ದಿನ ಕಾಯಬೇಡಿ. ಇದನ್ನು ಎಷ್ಟು ಸಲ ಬರೆದರೂ ಬೇಸರ ಇಲ್ಲ, ಇದರಲ್ಲಿ ಜೀವ ಹೋಗುತ್ತದೆ.

ಪ್ರಶ್ನೆ: ಉಬ್ಬಸಕ್ಕೆ ಕಪ್ಪು ಮಂಗನ ರಸಾಯನ ಒಳ್ಳೇದು ಅಂತ ಒಬ್ಬರು ಪಂಡಿತರು ಹೇಳಿದರು. ನಿಜವಾ?

ಉತ್ತರ: ಸುಳ್ಳು. ಶುದ್ಧ ಸುಳ್ಳು. ದಕ್ಷಿಣದ ಘಟ್ಟಗಳಲ್ಲಿ ಇದೇ ಮಾತು ನಂಬಿಕೊಂಡು ನೀಲಗಿರಿಯ ಕಪ್ಪು ಮುಸಿಯಗಳನ್ನು ಗುಂಪು ಗುಂಪಾಗಿ ಕೊಂದು ಹಾಕಿದರು. ಅದರಿಂದ ಯಾರ ಉಬ್ಬಸವೂ ಹೋಗಲಿಲ್ಲ. ಇನ್ಹೇಲರ್ ಬರೆದುಕೊಡುವ ಡಾಕ್ಟರು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತಾರೆ. ಆ ಪಂಡಿತರಿಗೆ ಇಷ್ಟು ಹೇಳಿ: ಸಿಂಗಳೀಕ ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಕಾಯಿಲೆಯವರ ದಿಗಿಲನ್ನು ಹಣ ಮಾಡಿಕೊಳ್ಳುವವರ ಮೇಲೆ ನನಗೆ ಸ್ವಲ್ಪವೂ ದಯೆ ಇಲ್ಲ.

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ನೆಲದೊಳಗಿನ ಸುರಂಗದಲ್ಲಿ, ಮೇಲಿನ ಕಾಡಿಗೆ ಏನೂ ಆಗಲ್ಲ ಅಂತಾರಲ್ಲ?

ಉತ್ತರ: ಕೆಳಗಿನ ಅಣೆಕಟ್ಟಿನ ನೀರನ್ನು ಮೇಲಿನದಕ್ಕೆ ಎತ್ತಿ, ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 2000 ಮೆಗಾವಾಟ್‌ನ ಯೋಜನೆ ಅದು. ಸುರಂಗ ಒಳಗೇ ಇರಬಹುದು. ಸುರಂಗಕ್ಕೆ ಹೋಗುವ ರಸ್ತೆ, ಅಗೆದ ಕಲ್ಲುಮಣ್ಣು ಸುರಿಯುವ ಜಾಗ ಎಲ್ಲ ಮೇಲೆಯೇ. ಮೇಲೆ ಕೊಂಬೆ ತುಂಡಾದ ಮೇಲೆ ಒಳಗೆ ಏನಿದ್ದರೆ ಏನು?

ಪ್ರಶ್ನೆ: ಹೊನ್ನಾವರಕ್ಕೆ ಇಳಿಯುವಾಗ ಘಾಟಿಯಲ್ಲಿ ಕಾರು ನಿಲ್ಲಿಸಿ ಸಿಂಗಳೀಕಗಳಿಗೆ ಬಾಳೆಹಣ್ಣು ಕೊಡುತ್ತೇವೆ. ಪುಣ್ಯದ ಕೆಲಸ ಅಲ್ವಾ?

ಉತ್ತರ: ಅಲ್ಲ. ನೀವು ಅವಕ್ಕೆ ಕಲಿಸುತ್ತಿರುವುದು ಕಾರಿನ ಹತ್ತಿರ ಬರುವುದನ್ನು. ಮುಂದಿನ ಕಾರು ನಿಲ್ಲುವುದಿಲ್ಲ.

ಪ್ರಶ್ನೆ: ಜೋಗದ ಸುತ್ತ ಸಿಂಗಳೀಕದ ಫೋಟೋ ತೆಗೆಯಲು ಸರಿಯಾದ ಜಾಗ ಯಾವುದು? ಲೊಕೇಶನ್ ಕಳಿಸುತ್ತೀರಾ? (ಬೆಂಗಳೂರು)

ಉತ್ತರ: ಇಲ್ಲ. ಹಿಂದೊಮ್ಮೆ ಒಬ್ಬರಿಗೆ ಹೇಳಿದ್ದೆ, ಒಳ್ಳೆಯವರೇ. ಅವರು ಇನ್ನೊಬ್ಬರಿಗೆ ಹೇಳಿದರು. ಮೂರನೇ ವಾರ ನಾನು ಹೋದಾಗ ಅತ್ತಿ ಮರದ ಕೆಳಗೆ ಏಳು ಜನ ಕ್ಯಾಮೆರಾ ಹಿಡಿದು ನಿಂತಿದ್ದರು, ಒಬ್ಬರು ಮೊಬೈಲಿನಲ್ಲಿ ಗಂಡಿನ ಕೂಗು ಹಾಕುತ್ತಿದ್ದರು. ಮರದ ತುಂಬ ಹಣ್ಣಿತ್ತು. ಗುಂಪು ಆ ಹಣ್ಣು ಮುಗಿಯುವವರೆಗೂ ಆ ಮರಕ್ಕೆ ಬರಲಿಲ್ಲ.