ಲಸಿಕೆಯ ಸೂಜಿ ಚುಚ್ಚುವಾಗ ಸುಮ್ಮನಿದ್ದ ಮಗು, ಹತ್ತಿ ಒತ್ತುವಾಗ ಅತ್ತದ್ದೇಕೆ?

ಗಾಬರಿ ಬೇಡ, ಇದು ಸಾಮಾನ್ಯ. ಗಮನ ಬೇರೆಲ್ಲೋ ಇದ್ದಾಗ ನೋವು ಅಷ್ಟಾಗಿ ತಟ್ಟುವುದಿಲ್ಲ. ಆಮೇಲೆ ಅಮ್ಮನ ಮುಖ ನೋಡಿ 'ಏನೋ ಆಗಿದೆ' ಅನ್ನಿಸಿದ ಮೇಲೆ ಅಳು ಶುರು.

ನಮ್ಮ ಮಗನಿಗೆ ಒಂದೂವರೆ ವರ್ಷದ ಬೂಸ್ಟರ್ (ಲಸಿಕೆಯ ಮರುಡೋಸ್) ಹಾಕಿಸಲು ಕೇರಳದ ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ತೊಡೆಗೆ ಚುಚ್ಚುವಾಗ ಆಸಾಮಿ ಫ್ಯಾನ್ ನೋಡುತ್ತಿದ್ದ. ನರ್ಸ್ ಪ್ರೀತಿಯಿಂದ ಮಲಯಾಳದಲ್ಲಿ "ಕಳಿಞ್ಞು ಮೋನೇ" (ಮುಗಿಯಿತು ಮಗಾ) ಅಂದದ್ದೇ ತಡ, ಕಿರುಚಾಟ! ಮನೆಯಲ್ಲಿ ಬರೀ ಕನ್ನಡ ಕೇಳಿದವನು, ಆ ಶಬ್ದವೇ ಸೂಜಿ ಅಂದುಕೊಂಡಿರಬೇಕು. ಪಕ್ಕದ ಮನೆಯವರು ಊಟ ಮುಗಿಸಿ "ಕಳಿಞ್ಞು" ಅಂದರೂ ಒಂದು ತಿಂಗಳು ತೊಡೆ ಮುಚ್ಚಿಕೊಳ್ಳುತ್ತಿದ್ದ.

ಲಸಿಕೆಗೆ ಬರುವ 6, 10, 14 ವಾರದ ಕೂಸುಗಳು ಚುಚ್ಚಿದಾಗ ಅತ್ತು ಮರೆಯುತ್ತವೆ. ದೊಡ್ಡದಾದಂತೆ ನೆನಪು ಕೂಡುತ್ತದೆ, ಬಿಳಿ ಕೋಟು ಕಂಡರೇ ಸಾಕು. ಎದೆಹಾಲು ಕುಡಿಯುವ ಮಗುವಾದರೆ ಕುಡಿಸುತ್ತಲೇ ಚುಚ್ಚಿಸಿ, ನೋವು ನಿಜಕ್ಕೂ ಕಡಿಮೆಯಾಗುತ್ತದೆ. ಉಳಿದವರನ್ನು ಮಲಗಿಸದೆ ಮಡಿಲಲ್ಲಿ ನೆಟ್ಟಗೆ ಕೂರಿಸಿ. "ನೋವೇ ಆಗುವುದಿಲ್ಲ" ಎಂದು ಮಾತ್ರ ಹೇಳಬೇಡಿ, ಮುಂದಿನ ಸಲ ನಿಮ್ಮನ್ನು ನಂಬುವುದಿಲ್ಲ.